ನಾಕು ಗಂಟೇದ ಪಾಳಿ

ಸೊಲ್ಲಾಪುರ, ದವಾಖಾನಿ
ಬುಧವಾರ, ತಾ. 27 ನವೆಂಬರ್ 2024

ಅಮೋಲನ ಅಪ್ಪಾರಿಗೆ, ಸುಗಲಾಬಾಯಿ ಕೈಮುಗದು ಬರದದ್ದು.

ಇಂಡಿ ಕಡಿ ಥಂಡಿ ಹೆಂಗೈತ್ರಿ? ಮೊಣಕಾಲ ನೋವು ಕಡಿಮಿ ಆತೋ ಇಲ್ಲೋ? ಎರಡು ಕಂಬಳಿ ಹೊತ್ಕೊಂಡು ಮಲಗ್ರಿ, ಒಂದನ್ನ ಕುರಿಮರಿಗೋಳಿಗೆ ಹೊಚ್ಚಿ ನೀವು ನಡುಗಬ್ಯಾಡ್ರಿ, ನಿಮ್ಮ ಬುದ್ಧಿ ನನಗ ಗೊತ್ತೈತಿ. ಫೋನ್ ಮಾಡಿದ್ರ ನಿಮ್ಮ ಕಿವಿಗೆ ಅರ್ಧಾ ಬೀಳಂಗಿಲ್ಲ, ಬೀಳದ್ದಕ್ಕೂ "ಹೂಂ, ಹೂಂ" ಅಂತೀರಿ. ವಾಗದರಿ ಕನ್ನಡ ಸಾಲ್ಯಾಗ ನಾಲ್ಕನೇ ಇಯತ್ತಾ ಕಲ್ತದ್ದು ಇವತ್ತ ಕೆಲಸಕ್ಕ ಬಂತು ನೋಡ್ರಿ. ನಮ್ಮ ಮಗಾ ಸೊಸಿಗೆ ಮರಾಠಿ ಬಿಟ್ರ ಬ್ಯಾರೆ ಅಕ್ಷರ ಬರಂಗಿಲ್ಲ. ಹಿಂಗಾಗಿ ಸಾರಿಕಾ ಬಾಜೂಕ ಕುಂತಿದ್ರೂ ನಾ ಧೈರ್ಯದಿಂದ ಬರಿಯಾಕತ್ತೀನಿ. ನಮ್ಮೂರ ಕಲ್ಲಣ್ಣ ಮಧ್ಯಾಹ್ನ ಹಿಟ್ಟಿನ ಚೀಲ ತಗೊಂಡು ನಿಮ್ಮ ಹಟ್ಟಿ ಕಡಿ ಹೊಂಟಾನ, ಅವನ ಕೈಯಾಗ ಕೊಡತೀನಿ.

ಮೊದಲ ಕೇಳ್ರಿ, ನಮ್ಮ ಛಾಯಾನ ಎದಿಯೊಳಗಿನ ತೂತು ಮುಚ್ಚಿತು. ಮೊಮ್ಮಗಳು ಇವತ್ತ ಮುಂಜಾನಿ ಹಾಸಿಗಿ ಬಿಟ್ಟು ಇಳದು, ಕಿಟಕಿ ತನಾ ನಡದು, ತಿರುಗಿ ಬಂದಳು. ತೇಕಲಿಲ್ಲ. ಐದು ವರ್ಷದ ಕೂಸು ನಾಕು ಹೆಜ್ಜಿ ಇಟ್ಟು ತೇಕಿ ಕುಂತು ಬಿಡತಿದ್ದಳಲ್ಲ, ಮೈಯೆಲ್ಲಾ ಬೆವರತಿತ್ತಲ್ಲ, ಅದಽ ಕೂಸರಿ ಇದು! ನನಗ ಅಳು ತಡಿಲಿಲ್ಲ. ಆಮ್ಯಾಲ ಎರಡನೇ ಮಾತು, ಕುರಿ ಮಾರಬ್ಯಾಡ್ರಿ. ವ್ಯಾಪಾರಿಗೆ ಮಾತ ಕೊಟ್ಟಿದ್ರ ಹಿಂದಕ್ಕ ತಗೋರಿ, ಅಂವ ಏನರೆ ಅನ್ನಲಿ. ನಾವು ಇಲ್ಲಿ ಒಂದು ರೂಪಾಯಿ ಕಟ್ಟಿಲ್ಲ.

ಅದು ಹೆಂಗ ಅಂತೀರಿ? ಇಲ್ಲಿ ಬಾಗಲದ ಹಂತ್ಯಾಕ ಮೇಜು ಹಾಕ್ಕೊಂಡು ಉಜ್ವಲಾ ಅಂತ ಒಬ್ಬಾಕಿ ಕೂಡತಾಳ. ಬಡವರ ಕಾಗದಪತ್ರ ಮಾಡಿ ಕೊಡೂದಽ ಆಕಿ ಕೆಲಸ. ಮೊದಲ ಹೋದ ದವಾಖಾನ್ಯಾಗ ಲಕ್ಷದ ಮಾತ ಕೇಳಿ ಬಂದು ನಮ್ಮ ಅಮೋಲ ಇಲ್ಲಿ ಗ್ವಾಡಿಗೆ ಆತ್ಕೊಂಡು ಕುಂತಿದ್ದ ನೋಡ್ರಿ, ಈಕಿ ಅವನ್ನ ಕುರ್ಚಿ ಮ್ಯಾಲ ಕೂಡಿಸಿ ಚಹಾ ಕೊಟ್ಟು, "ಹಳದಿ ರೇಷನ್ ಕಾರ್ಡ ಐತೇನು?" ಅಂತ ಕೇಳಿದಳು. ಐತಿ, ಎಲ್ಲೈತಿ? ಕುರನೂರದಾಗ ನಮ್ಮ ಟ್ರಂಕಿನಾಗ. ಕೀಲಿ ಎಲ್ಲೈತಿ? ನಿಮ್ಮ ಉಡದಾರದಾಗ! ಕೀಲಿ ಕಟ್ಕೊಂಡು ಊರೂರು ಕುರಿ ಮೇಸಾಕ ಹೋಗೋ ಗಂಡಸರ ಕಥಿ ಕೇಳಿ ಉಜ್ವಲಾ ನಕ್ಕಳು. ಅಮೋಲ ರಾತ್ರೋರಾತ್ರಿ ಊರಿಗೆ ಹೋಗಿ ಕೀಲಿ ಒಡದು ಕಾರ್ಡ ತಂದ. ಟ್ರಂಕು ಹಾಳಾಗೈತಿ, ಬೈಬ್ಯಾಡ್ರಿ. ಸರಕಾರದ ಯೋಜನಾದಾಗ ಬಾಳಷ್ಟು ಖರ್ಚು ಹೋತು, ಉಳದದ್ದು ದಾನ ಕೊಡೋ ಮಂದಿ ರೊಕ್ಕದಾಗ ಮಾಡಿಸಿದರು. ಯಾರ ಕೊಟ್ಟರೋ, ಅವರ ಮಾರಿ ನಾವು ನೋಡಿಲ್ಲ, ನಮ್ಮ ಕೂಸಿನ ಹೆಸರು ಅವರು ಕೇಳಿಲ್ಲ. ಅಂಥವರ ಹೊಟ್ಟಿ ತಣ್ಣಗಿರಲಿ.

ಆದ್ರ ಸೋಮವಾರ ಎಲ್ಲಾ ಕೈ ಬಿಟ್ಟು ಹೋಗತಿತ್ತು. ಪುಣೆದಿಂದ ಬರೋ ಡಾಕ್ಟರ ತಿಂಗಳಿಗೆ ಒಂದಽ ದಿನ ಬರತಾರ, ಸಂಜಿ ಗಾಡಿಗೆ ಹೊಳ್ಳಿ ಹೋಗತಾರ. ತೊಡಿಯಾಗಿಂದ ಸಣ್ಣ ತಂತಿ ಹಾಕಿ ಎದಿ ತೂತು ಮುಚ್ಚತಾರಂತ. ಛಾಯಾನ ಪಾಳಿ ಮುಂಜಾನಿ ಎಂಟಕ್ಕ. ರಾತ್ರಿಯಿಂದ ಕೂಸಿಗೆ ಏನೂ ತಿನಸಬಾರದು ಅಂತ ಸಿಸ್ಟರ್ ಮೂರು ಸಲ ಹೇಳಿದ್ದಳು. ಹೊಟ್ಟ್ಯಾಗ ಏನರೆ ಇದ್ರ ಎಚ್ಚರ ತಪ್ಪಿಸೋ ಔಷಧ ಕೊಟ್ಟಾಗ ವಾಂತಿ ಬಂದು ಉಸಿರಗಟ್ಟತೈತಂತ. ಒಳಗ ಒಯ್ಯೂಮುಂದ ಬಾಯಿ ತೆಗಿಸಿ ನೋಡ್ತಾಳ, ಹಲ್ಲಿನ ಸಂದ್ಯಾಗ ಕೊಬ್ಬರಿ, ನಾಲಿಗಿ ತುಂಬ ಅರಿಷಿಣ. ಬೀರೋಬಾ ದೇವರ ಪ್ರಸಾದ, ಭಂಡಾರ, ಕೊಬ್ಬರಿ, ಬೆಲ್ಲ ಕೂಸಿನ ಹೊಟ್ಟಿ ಸೇರಿತ್ತು. "ಯಾರು ಕೊಟ್ಟರು?" ಅಂತ ಸಿಸ್ಟರ್ ಚೀರಿದಳು. ಕೂಸು ಅಂಜಿ ಸಾರಿಕಾನ ಹೆಗಲಾಗ ಮಾರಿ ಮುಚ್ಚಿತು. ಸಾರಿಕಾ, "ನಾನಽ ಕೊಟ್ಟೆ" ಅಂದಳು. ಅಮೋಲ ನಾಕು ಮಂದಿ ಮುಂದ ಆಕೀನ ಏನೇನ ಅಂದ, ನಾ ಬರಿಯಂಗಿಲ್ಲ. ಆಕಿ ತಲಿ ಎತ್ತಲಿಲ್ಲ. ನಾನೂ ಒಂದು ಮಾತ ಆಡಲಿಲ್ಲ.

ಇನ್ನ ಎಂಟು ತಾಸು ಬಿಟ್ಟಽ ಮಾಡಬೇಕು, ಆದ್ರ ಅಷ್ಟೊತ್ತಿಗೆ ಬ್ಯಾರೆಯವರ ಪಾಳಿ, ಮುಂದಿನ ತಿಂಗಳ ನೋಡೂಣು ಅಂದರು. ಮುಂದಿನ ತಿಂಗಳ ತನಾ ಕೂಸು ಇರತೈತೇನು? ಎಲ್ಲಾರ ಮನಸಿನಾಗೂ ಅದಽ ಇತ್ತು. ಉಜ್ವಲಾ ಓಡ್ಯಾಡಿದಳು, ಪಾಳಿ ಇದ್ದ ಒಬ್ಬೊಬ್ಬರನ್ನ ಹೋಗಿ ಕೇಳಿದಳು. ಆಗ ಪಾರ್ವತಿಬಾಯಿ ಎದ್ದರು. ಚಾದರದ ಅಂಗಡಿ ಮಲಕಾಜಪ್ಪ ಸಾವಕಾರರ ಹೆಣತಿ, ರೊಕ್ಕ ಕಟ್ಟಿ ತಮ್ಮ ಎದಿ ತೂತು ಮುಚ್ಚಿಸಿಕೊಳ್ಳಾಕ ಬಂದವರು. ಅವರದು ಸಂಜಿ ನಾಕು ಗಂಟೇದ ಪಾಳಿ. ಸೋಮವಾರ ಮುಂಜಾನಿ ರಾಹುಕಾಲ ಬರತೈತಂತ ಸಾವಕಾರರು ಪಂಚಾಂಗ ನೋಡಿ, ಡಾಕ್ಟರಗ ಗಂಟು ಬಿದ್ದು ತಗೊಂಡ ಹೊತ್ತದು. ಆ ತಾಯಿಗೆ ಸೋಮವಾರ ಸಿದ್ಧೇಶ್ವರನ ಉಪವಾಸ, ಹನಿ ನೀರ ಸುದ್ಧಾ ಮುಟ್ಟಿರಲಿಲ್ಲ. "ನನ್ನ ಹೊಟ್ಟಿ ಖಾಲಿ ಐತಿ, ನಾ ಈಗಽ ಹೋಗತೀನಿ, ನನ್ನ ಪಾಳಿ ಈ ಕೂಸಿಗೆ ಕೊಡ್ರಿ" ಅಂದರು. ಸಾವಕಾರರು "ರಾಹುಕಾಲ ನಡದೈತಿ, ಬ್ಯಾಡ" ಅಂತ ಸೆರಗು ಹಿಡದರು. "ಕೂಸಿನ ಮುಂದ ಎಂಥಾ ರಾಹುಕಾಲರಿ, ಬಿಡ್ರಿ" ಅಂತ ಸೆರಗು ಬಿಡಿಸಿಕೊಂಡು ಒಳಗ ಹೋದರು. ನಾ ಅವರ ಕಾಲು ಹಿಡಿಯಾಕ ಹೋದ್ರ ಹಿಡಿಗೊಡಲಿಲ್ಲ. ಅವರು ಹೊರಗ ಬರೂತನಾ ನಾ ಬಾಗಲದಾಗಽ ನಿಂತಿದ್ದೆ. ಅವರಿಗೆ ಏನರೆ ಆದ್ರ ನಾ ಎಲ್ಲಿ ಹೋಗಲಿ ಅಂತ ಬೀರೋಬಾಗ ಬೇಡಕೊಂಡೆ. ಆರಾಮ ಬಂದರು. ಸಂಜಿಗೆ ಛಾಯಾ ಒಳಗ ಹೋದಳು, ಒಂದು ತಾಸಿನಾಗ ತಿರುಗಿ ಬಂದಳು. ನಿನ್ನೆ ಸಾವಕಾರರು ತಾವಽ ಬಂದು ಕೂಸಿನ ತಲಿ ಸವರಿ ಹೋದರು.

ಇನ್ನ ಎರಡು ದಿನಕ್ಕ ಮನಿಗೆ ಬಿಡತಾರ. ಅಮೋಲ ಎಂಐಡಿಸಿ ಪಾಳಿಗೆ ಹೋಗ್ಯಾನ, ಟಾವೆಲ್ ಕಾರಖಾನಿಯವರು ಇದಕ್ಕಿಂತ ಹೆಚ್ಚು ಸೂಟಿ ಕೊಡಲಿಲ್ಲ. ನೀವು ಕುರಿ ಬಿಟ್ಟು ಗಡಬಡಲೆ ಓಡಿ ಬರಬ್ಯಾಡ್ರಿ. ಅಮಾಸಿಗೆ ಬರ್ರಿ, ಪಾರ್ವತಿಬಾಯಿಗೆ ಒಂದು ಛಲೋ ಕಂಬಳಿ ತರ್ರಿ, ನೀವಽ ನೂತ ಉಣ್ಣೀದು. ಉಜ್ವಲಾಗೂ ಒಂದು. ಮೈಲಾರಲಿಂಗ ನಿಮ್ಮನ್ನ, ಕುರಿ ಮರೀನ ಕಾಯಲಿ. ಹೊತ್ತಿಗೆ ಸರಿ ಉಣ್ರಿ.

ನಿಮ್ಮ
ಸುಗಲಾ

ತಾ.ಕ.: ಕಲ್ಲಣ್ಣ ಗಾಡಿ ಚಾಲೂ ಮಾಡ್ಯಾನ. ಮ್ಯಾಲ ಒಂದು ಮಾತ ಮುಚ್ಚಿಟ್ಟು ಬರದೀನ್ರಿ. ಕೊಬ್ಬರಿ ಕೊಟ್ಟಾಕಿ ಸಾರಿಕಾ ಅಲ್ಲ, ನಾನು. ಕೂಸು ಹಸದು ಅಳಾಕತ್ತಿತ್ತು. ಪ್ರಸಾದ ತಿಂದ್ರ ಉಂಡಂಗ ಅಲ್ಲ, ಉಪವಾಸದಾಗೂ ನಡಿತೈತಲ್ಲ ಅಂತ ತಿಳದು ಕೊಟ್ಟೆ. ಸಾರಿಕಾ ನೋಡಿದ್ದಳು. ಆಮ್ಯಾಲ ಯಾಕವ್ವಾ ಹಿಂಗ ಮಾಡಿದಿ ಅಂದ್ರ, "ಅತ್ತಿ, ನಿಮ್ಮ ಹೆಸರ ಹೇಳಿದ್ರ ಇವರು ನಿಮ್ಮನ್ನ ಊರಿಗೆ ಕಳಿಸಿಬಿಡತಿದ್ರು, ಛಾಯಾ ನಿಮ್ಮನ್ನ ಬಿಟ್ಟು ಇರಂಗಿಲ್ಲ" ಅಂದಳು. ಕುರಿ ಕಾಯಾಕ ಬರದ ಸೊಸಿ ಅಂತ ನಾ ಎಷ್ಟು ಹಂಗಿಸೀನಿ ಆಕೀನ! ಅಮೋಲ ಎರಡು ದಿನದಿಂದ ಆಕಿ ಕೂಡ ಮಾತಾಡಿಲ್ಲ, ಆಕಿ ಕೊಟ್ಟ ನೀರ ಸುದ್ಧಾ ಕುಡಿದಿಲ್ಲ. ನಾ ನೋಡಕೋತ ಸುಮ್ಮನ ಕುಂತೀನಿ, ಮಗಾ ನನ್ನ ಮಾರಿ ನೋಡೂದು ಬಿಟ್ರ ಹೆಂಗ ಅಂತ ಅಂಜಿ. ಸಂಜಿಗೆ ಅಂವ ಬರತಾನ, ಎಲ್ಲಾರ ಮುಂದ ಹೇಳತೀನಿ. ಹಿಂದ ಸರಿಯಬಾರದಂತ ಮೊದಲ ನಿಮಗ ಬರದು ಕಳಿಸೀನಿ.