ನೀರುಚೀಟಿ

ಎಲಿಮ್ ಪಟ್ಟಣ, ಓಹಾಯೋ
ಕ್ರಿ.ಶ. 2171, ಪುನರುತ್ಥಾನ ಮಾಸದ ನಲವತ್ತೊಂದನೆಯ ದಿನ

ಪೂಜ್ಯ ಎಲೀಷಪ್ಪ ಅಜ್ಜನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳುಗಳನ್ನೂ ಸರ್ಕಾರ ತಿದ್ದಿದೆ. ಹಬ್ಬ ಎಷ್ಟು ದಿನ ಎಳೆಯುತ್ತದೋ ತಿಂಗಳೂ ಅಷ್ಟು ಉದ್ದ. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕಲಿತದ್ದು ನಿಮ್ಮ ಹಳೆಯ ಬೈಬಲಿನಿಂದ, ನಿಮ್ಮ ದಿನಚರಿಯಿಂದ, ಮತ್ತು ಅಡುಗೆಮನೆಯಲ್ಲಿ ಬೈಯುತ್ತಿದ್ದ ನನ್ನ ಅವ್ವನಿಂದ. ಮನೆಮನೆಗೆ ಬಂದು ಕಾಗದ-ಪುಸ್ತಕ ತಡಕುವ ಪ್ರಾರ್ಥನೆ ಪರೀಕ್ಷಕರಿಗೆ ಈ ಭಾಷೆ ಓದಲು ಬರುವುದಿಲ್ಲ, ಅದಕ್ಕೇ ಇದು ನಮ್ಮ ಮನೆಯಲ್ಲಿ ಉಳಿದಿದೆ. ನಾನು ಕರುಣಾವತಿ, ನಿಮ್ಮಿಂದ ಆರನೆಯ ತಲೆಮಾರಿನವಳು.

ನಾನು ಜಿಲ್ಲಾ ಕಚೇರಿಯಲ್ಲಿ ಟವೆಲ್ ಕೊಡುವ ಕೆಲಸ ಮಾಡುತ್ತೇನೆ. ನಗಬೇಡಿ, ಸರ್ಕಾರಿ ನೌಕರಿ. ವಾಹನ ಪರವಾನಗಿಯ ಕಿಟಕಿ ದಾಟಿದರೆ ಬಿಳಿ ಟೈಲ್ಸಿನ ತೊಟ್ಟಿಯಿದೆ, ದೀಕ್ಷಾಸ್ನಾನ ನಡೆಯುವುದು ಅದರಲ್ಲಿ. ಹನ್ನೆರಡು ತುಂಬಿದವರೆಲ್ಲ ಟೋಕನ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಮಂಡಿಯವರೆಗೆ ರಬ್ಬರ್ ಬೂಟು ಹಾಕಿದ ಅಧಿಕಾರಿ, ಗಡಿಯಾರ ನೋಡುತ್ತಲೇ, ಸ್ವಂತ ಮನಸ್ಸಿನಿಂದ ನಂಬುತ್ತೀಯಾ ಎಂದು ಕೇಳುತ್ತಾನೆ. ಹೌದು ಅಂದವರನ್ನು ಮುಳುಗಿಸಿ, ಎತ್ತಿ, ನೀರುಚೀಟಿ ಬರೆದುಕೊಡುತ್ತಾನೆ. ಆ ಚೀಟಿ ಇಲ್ಲದವರಿಗೆ ಶಾಲೆಯಿಲ್ಲ, ಓಟಿಲ್ಲ, ಆಸ್ಪತ್ರೆಯಲ್ಲಿ ಹಾಸಿಗೆಯೂ ಇಲ್ಲ. ಬೆಳಿಗ್ಗೆ ಏಳಕ್ಕೆ ಆಮೆನ್‌ಗಂಟೆ ಹೊಡೆದಾಗ ಎಲ್ಲರೂ ಬಾಗಿಲಲ್ಲಿ ನಿಂತು ಗವರ್ನರಿಗಾಗಿ ಪ್ರಾರ್ಥಿಸಬೇಕು; ಎದುರುಮನೆಯ ಮುದುಕಿ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಪ್ರಾರ್ಥಿಸುತ್ತಾಳೆ. ಪ್ರಸಂಗಗಳು ರಾಜಧಾನಿಯಿಂದ ಅಚ್ಚಾಗಿ ಬರುತ್ತವೆ. ಕಳೆದ ವರ್ಷ ತಮ್ಮದೇ ಪ್ರಸಂಗ ಹೇಳಿದ ಪಾದ್ರಿಯೊಬ್ಬರು ಇನ್ನೂ ಜೈಲಿನಲ್ಲಿದ್ದಾರೆ. ಚರ್ಚುಗಳು ಮಾತ್ರ ತುಂಬಿ ತುಳುಕುತ್ತಿವೆ, ನಿಮ್ಮ ಆಸೆ ಈಡೇರಿದೆ.

ನಿಮಗೇನೂ ತಿಳಿದಿರಲಿಲ್ಲ ಎನ್ನುವ ಹಾಗೂ ಇಲ್ಲ. ಗುಳೇದಗುಡ್ಡದ ಬಾಸೆಲ್ ಮಿಷನ್ ಮನೆತನದಲ್ಲಿ ಹುಟ್ಟಿ, ತೊಟ್ಟಿಲಲ್ಲೇ ನೀರು ಚಿಮುಕಿಸಿಕೊಂಡಿದ್ದ ನೀವು ಇಲ್ಲಿಗೆ ಬಂದು ಬ್ಯಾಪ್ಟಿಸ್ಟರ ಪಾದ್ರಿಯಾದದ್ದೇ ಅವರು ಬುದ್ಧಿ ಬಂದ ಮೇಲೆ ತಾವಾಗಿ ನಂಬಿದವರಿಗಷ್ಟೇ ದೀಕ್ಷಾಸ್ನಾನ ಕೊಡುತ್ತಾರೆ, ಯಾರನ್ನೂ ಒತ್ತಾಯದಿಂದ ನೀರಿಗಿಳಿಸುವುದಿಲ್ಲ ಎಂಬ ಕಾರಣಕ್ಕೆ. ದಿನಚರಿಯಲ್ಲಿ ನೀವೇ ಬರೆದಿದ್ದೀರಿ: ಅಮೆರಿಕ ಸ್ವತಂತ್ರವಾಗುವ ಮೊದಲು ವರ್ಜೀನಿಯಾದಲ್ಲಿ ಪರವಾನಗಿಯಿಲ್ಲದೆ ಪ್ರಸಂಗ ಮಾಡಿದ ಬ್ಯಾಪ್ಟಿಸ್ಟರನ್ನು ಜೈಲಿಗೆ ಹಾಕಿದ್ದರು, ಅವರು ಸರಳುಗಳ ನಡುವಿನಿಂದಲೇ ಬೀದಿಯ ಜನಕ್ಕೆ ದೇವರ ವಾಕ್ಯ ಸಾರಿದರು. ಸರ್ಕಾರ ಯಾವ ಮತವನ್ನೂ ಸ್ಥಾಪಿಸಬಾರದೆಂಬ ಕಾನೂನಿಗಾಗಿ ಹಟ ಹಿಡಿದವರಲ್ಲಿ ಅಂಥವರೂ ಇದ್ದರು. ಒಂದೇ ಬೈಬಲು ಹಿಡಿದು ಒಬ್ಬ ಗುಲಾಮರನ್ನು ಇಟ್ಟುಕೊಂಡ, ಇನ್ನೊಬ್ಬ ಬಿಡಿಸಲು ಹೋರಾಡಿದ ಎಂದೂ, ಕಪ್ಪುಜನರ ಚರ್ಚುಗಳಿಂದ ಹಾಡುತ್ತ ಹೊರಟವರು ಪೆಟ್ಟು ತಿಂದು ಓಟಿನ ಹಕ್ಕು ಗಳಿಸಿದರು ಎಂದೂ ಬರೆದಿದ್ದೀರಿ. ನಂಬಿದವರು ಬೀದಿಗಿಳಿದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅವರು ಅಧಿಕಾರದ ಎದುರು ನಿಂತು ಕೇಳಿದರು, ನೀವು ಅದರ ಪಕ್ಕ ಕುರ್ಚಿ ಹಾಕಿಸಿಕೊಂಡಿರಿ. ಇಷ್ಟೆಲ್ಲ ಬರೆದ ಕೈಯೇ ಆ ಕೆಲಸ ಮಾಡಿತಲ್ಲ, ನನಗೆ ಸಿಟ್ಟು ಅದಕ್ಕೆ.

ಅದೂ ದಿನಚರಿಯಲ್ಲಿದೆ. ಒಂದು ಬುಧವಾರ ಪ್ರಾರ್ಥನೆ ಮುಗಿದ ಮೇಲೆ ಚುನಾವಣೆಯ ಮನುಷ್ಯನೊಬ್ಬ ಮನೆಗೆ ಬಂದ. ಅಜ್ಜಿ ಮಾಡಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡ. ನಿಮ್ಮ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರ ಹೆಸರಿನ ಪುಸ್ತಕ ಕೇಳಿದ, ವಿಳಾಸಗಳಿಗಾಗಿ ಮಾತ್ರ. ನಮ್ಮವರೇ, ಒಳ್ಳೆಯ ಕೆಲಸಕ್ಕೇ ಎಂದು ಕೊಟ್ಟುಬಿಟ್ಟಿರಿ. ಅವನ ಪಕ್ಷ ಗೆದ್ದಿತು, ಗವರ್ನರ್ ನಡೆಸುವ ಪ್ರಾರ್ಥನಾ ಉಪಾಹಾರ ಕೂಟದಲ್ಲಿ ನಿಮಗೆ ಮುಂದಿನ ಸಾಲು ಸಿಕ್ಕಿತು. ಮುಂದಿನ ಚುನಾವಣೆಯ ಹೊತ್ತಿಗೆ ಎಲ್ಲ ಚರ್ಚುಗಳ ಪುಸ್ತಕಗಳೂ ಒಟ್ಟಾದವು. ಹೆಸರಿದ್ದವರು ನಂಬಿಗಸ್ತರು ಎಂದಾಯಿತು, ಆಮೇಲೆ ಹೆಸರಿಲ್ಲದವರನ್ನು ಹುಡುಕಲು ಹೊರಟರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದು ಉಪ್ಪಿಟ್ಟು ಬಡಿಸಿದಿರಿ ಅಜ್ಜ. ಮೊಟ್ಟಮೊದಲು ಸಿಕ್ಕ ಪುಸ್ತಕವೆಂಬ ಗೌರವದಿಂದ ಅದನ್ನು ನಮ್ಮ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ದಿನಾ ನಿಮ್ಮ ಅಕ್ಷರ ನೋಡುತ್ತೇನೆ, ಚೆಂದವಾಗಿದೆ.

ನಿನ್ನೆ ನನ್ನ ಮಗಳು ತಬಿಥಾಳ ಸರದಿ. ವಾರದ ಹಿಂದೆಯೇ ಅವಳು ಅಂದಿದ್ದಳು, “ಅವ್ವಾ, ನನಗ ನಂಬಿಕಿ ಇಲ್ಲ. ಹೌದು ಅಂದ್ರ ಸುಳ್ಳಾಗ್ತದಲ್ಲ?” ನಿಮ್ಮ ಕಾಲದ ಪಾದ್ರಿ ಯಾರಾದರೂ ಇದ್ದಿದ್ದರೆ ತಲೆ ಸವರಿ, ಅವಸರವಿಲ್ಲ ಮಗಳೇ, ಕಾಯೋಣ ಎನ್ನುತ್ತಿದ್ದರು. ನಾನು ಯೇಸುವನ್ನು ನಿಜವಾಗಿ ನಂಬುವವಳು; ಅವ್ವ ಸತ್ತ ವಾರ ನನ್ನನ್ನು ಹಿಡಿದು ನಿಲ್ಲಿಸಿದವನು ಆತನೇ. ಅಂಥ ನಾನು ಆತನ ಹೆಸರಿನಲ್ಲಿ ಸುಳ್ಳು ಹೇಳಲು ಮಗಳಿಗೆ ಮೂರು ದಿನ ಅಭ್ಯಾಸ ಮಾಡಿಸಿದೆ. ಕಣ್ಣು ತಗ್ಗಿಸು, ಒಂದು ಗಳಿಗೆ ತಡೆ, ಆಮೇಲೆ ಮೆಲ್ಲಗೆ ಹೌದು ಅನ್ನು. ಅವಳಿಗೆ ಶಾಲೆ ತಪ್ಪಬಾರದಲ್ಲ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಚೆನ್ನಾಗಿಯೇ ಹೇಳಿದಳು. ಒದ್ದೆ ಮೈಯಲ್ಲಿ ನಡುಗುತ್ತ ಬಂದವಳಿಗೆ ಟವೆಲ್ ಸುತ್ತಿದೆ. ತಲೆಯೆತ್ತಿ ಕೇಳಿದಳು, “ನೀನೂ ಹಿಂಗ ಹೇಳಿದ್ದೇನವ್ವಾ?” ಇಲ್ಲ ಮಗಳೇ, ನಾನು ನಿಜವಾಗಿ ನಂಬಿ ಹೇಳಿದ್ದೆ ಅಂದೆ. ಅಧಿಕಾರಿ ಅಲ್ಲೇ ನಿಂತಿದ್ದ. ಅವಳು ಒಮ್ಮೆ ಅವನ ಕಡೆ, ಒಮ್ಮೆ ನನ್ನ ಕಡೆ ನೋಡಿದಳು. ಕಣ್ಣು ತಗ್ಗಿಸಿದಳು, ಒಂದು ಗಳಿಗೆ ತಡೆದಳು, ಆಮೇಲೆ ಮೆಲ್ಲಗೆ “ಹೌದವ್ವ” ಅಂದಳು.

ಈ ಕಾಗದ ಆ ಬುಧವಾರಕ್ಕೆ ಮೊದಲು ತಲುಪಿದರೆ, ಬಂದವನಿಗೆ ಹೊಟ್ಟೆತುಂಬ ಉಪ್ಪಿಟ್ಟು ಹಾಕಿ ಕಳಿಸಿ. ಪುಸ್ತಕ ಕೊಡಬೇಡಿ.

ಕರುಣಾವತಿ