ಎದೆಯ ಮೇಲೆ ಕೂತವಳು ನಾನಲ್ಲ

ಭಾನುವಾರ, ಮಧ್ಯಾಹ್ನ

ರೀ,

ಇಸ್ತ್ರಿ ಮಾಡಿದ ನೀಲಿ ಅಂಗಿಯ ಜೇಬಿನಲ್ಲಿ ಈ ಕಾಗದ ಇಟ್ಟಿದ್ದೇನೆ. ನಾನು ಇಸ್ತ್ರಿ ಅಂಗಡಿಗೆ ಹೋದ ಹೊತ್ತು ನೋಡಿ ನೀವು ಬಂದು, ಉಂಡು, ಬಟ್ಟೆ ತೆಗೆದುಕೊಂಡು ಹೋಗುವುದು ನನಗೆ ತಿಳಿಯದು ಅಂದುಕೊಂಡಿರಾ? ತಟ್ಟೆ ತೊಳೆದು ಬೋರಲು ಹಾಕಿರುತ್ತೀರಿ. ಮದುವೆಯಾದಾಗಿನಿಂದ ಒಂದು ಲೋಟ ತೊಳೆಯದ ಮಹಾರಾಯರು! ನಗು ಬಂತು, ಹಿಂದೆಯೇ ಅಳುವೂ ಬಂತು. ನಿಮ್ಮ ಮನೆಗೆ ನೀವೇ ಕಳ್ಳನ ಹಾಗೆ ಬರಬೇಕೆ? ನನ್ನನ್ನು ಕಂಡರೆ ಅಷ್ಟು ಭಯವೇ?

ಅವತ್ತು ಊಟದ ಡಬ್ಬಿ ಮರೆತು ಮನೆಗೆ ಬಂದರೆ ಒಳಗಿನಿಂದ ಚಿಲಕ. ಬಡಿದು ಬಡಿದು ಕೈ ನೊಂದಿತು. ಬಾಗಿಲು ತೆರೆದಾಗ ನೀವು ಬೆವರಿ ತೊಪ್ಪೆಯಾಗಿದ್ದಿರಿ. ರಾತ್ರಿ ಪಾಳಿ ಮುಗಿಸಿ ಮಲಗಿದಾಗಲೆಲ್ಲ ಕಣ್ಣು ತೆರೆದಿರುತ್ತದಂತೆ, ಕೈಕಾಲು ಅಲ್ಲಾಡುವುದಿಲ್ಲವಂತೆ, ಕೂಗಲು ದನಿ ಹೊರಡದಂತೆ. ನಾನು ಎದೆಯ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತೇನಂತೆ. ಆ ಹೊತ್ತಿಗೆ ಅಂಗಡಿಯಲ್ಲಿ ಯಾರದೋ ಪ್ಯಾಂಟಿಗೆ ಗೆರೆ ಕೂರಿಸುತ್ತಿದ್ದೆ ಅಂದೆ. ಚಿಲಕ ಹಾಕಿದ್ರೂ ಬಂದೆಯಲ್ಲೇ ಅಂದುಬಿಟ್ಟಿರಿ. ಚಾಪೆ ಸುತ್ತಿಕೊಂಡು ನಿಮ್ಮ ಪ್ರಿಂಟಿಂಗ್ ಪ್ರೆಸ್ಸಿನ ಗೋಡೌನಿಗೆ ಹೋದವರು ಇನ್ನೂ ಅಲ್ಲೇ ಇದ್ದೀರಿ. ನನ್ನ ಹೊಟ್ಟೆ ಎಷ್ಟು ಉರಿಯಿತೋ ಆ ದೇವರಿಗೇ ಗೊತ್ತು.

ಕೇಳಿ, ಹೋದ ವಾರ ನನಗೂ ಬಂತು. ಕಿಟಕಿ ಕಾಣುತ್ತಿದೆ, ಫ್ಯಾನು ಕಾಣುತ್ತಿದೆ, ಮೈ ಮಾತ್ರ ನನ್ನದಲ್ಲ. ನಿಮ್ಮ ಅಂಗಿ ತೊಟ್ಟ ಒಂದು ಆಕಾರ ಎದೆಯ ಮೇಲೆ ಕೂತಿತ್ತು. ಸತ್ತೇ ಹೋದೆ ಅಂದುಕೊಂಡೆ.

ಬಿಳಿ ಕೋಟು ಇಸ್ತ್ರಿಗೆ ಕೊಡುವ ಡಾಕ್ಟರಮ್ಮನನ್ನು ಕೇಳಿದೆ. ನಗುತ್ತಾರೇನೋ ಅಂದುಕೊಂಡಿದ್ದೆ; ಸ್ಟೂಲು ಎಳೆದುಕೊಂಡು ಕೂತರು. ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಅಂತಾರಂತೆ. ಕನಸಿನಲ್ಲಿ ನಾವು ಎದ್ದು ಓಡದಿರಲಿ ಅಂತ ಮೈ ತನಗೆ ತಾನೇ ಬೀಗ ಹಾಕಿಕೊಳ್ಳುತ್ತದಂತೆ. ಕೆಲವೊಮ್ಮೆ ಬೀಗ ತೆಗೆಯುವ ಮೊದಲೇ ಕಣ್ಣು ಎಚ್ಚರವಾಗುತ್ತದೆ, ಮುಗಿಯದ ಕನಸು ಕೋಣೆಯೊಳಗೆ ಬಂದು ನಿಲ್ಲುತ್ತದೆ. ಪಾಳಿ ಕೆಲಸ, ನಿದ್ದೆಗೇಡು, ದುಃಖ ಇದ್ದವರಿಗೆ ಹೆಚ್ಚು, ಅಂಗಾತ ಮಲಗಿದರೆ ಇನ್ನೂ ಹೆಚ್ಚು. ಪ್ರಾಣಕ್ಕೆ ಅಪಾಯವಿಲ್ಲ, ಗುದ್ದಾಡಬೇಡಿ, ನಿಧಾನವಾಗಿ ಉಸಿರಾಡಿ, ಒಂದು ಬೆರಳು ಅಲ್ಲಾಡಿಸಿ ಅಂದರು. ಮೊನ್ನೆ ಮತ್ತೆ ಬಂದಾಗ ಹಾಗೇ ಮಾಡಿದೆ, ಕರಗಿಹೋಯಿತು.

ಮನಸ್ಸನ್ನು ಕೊರೆಯುವವರ ಮುಖವೇ ಒಮ್ಮೊಮ್ಮೆ ಕಾಣುತ್ತದಂತೆ. ನಿಮಗೆ ನನ್ನ ಮುಖ ಯಾಕೆ ಕಂಡಿತು ಅಂತ ಗೊತ್ತು. ಮಗಳ ಜ್ವರ ತಲೆಗೇರಿದ ದಿನ ನಾನು ಮಾಡಿದ ಫೋನು ಮಷೀನಿನ ಸದ್ದಿನಲ್ಲಿ ನಿಮಗೆ ಕೇಳಲಿಲ್ಲ. ನೀವು ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಬೈಯಲಿಲ್ಲ, ಸುಮ್ಮನೆ ನಿಮ್ಮನ್ನು ನೋಡುತ್ತ ಕೂತೆ. ಅದನ್ನೇ ನೀವು ಹೊತ್ತುಕೊಂಡು ತಿರುಗುತ್ತಿದ್ದೀರಿ. ಅದು ಕೋಪವಲ್ಲ ರೀ. ಅವಳ ಮೂಗು, ಹುಬ್ಬು ಎಲ್ಲ ನಿಮ್ಮದೇ ಅಲ್ಲವೇ? ನಿಮ್ಮ ಮುಖದಲ್ಲಿ ಅವಳನ್ನು ಹುಡುಕುತ್ತಿದ್ದೆ. ನೀವು ಮೊದಲೇ ಬಂದಿದ್ದರೂ ಅವಳು ಉಳಿಯುತ್ತಿರಲಿಲ್ಲ ಅಂತ ಆಸ್ಪತ್ರೆಯವರೇ ಹೇಳಿದರು.

ಮನೆಗೆ ಬನ್ನಿ. ಮಗ್ಗುಲಾಗಿ ಮಲಗಿ. ನಿಮ್ಮ ಉಸಿರು ಏರುಪೇರಾದರೆ ಪಕ್ಕದಲ್ಲಿ ಕೂತು ಭುಜ ಮುಟ್ಟುತ್ತೇನೆ.

ನೀವೇ ಕರೆಯುತ್ತಿದ್ದ ಹಾಗೆ, ನಿಮ್ಮ ಇಸ್ತ್ರಿಪೆಟ್ಟಿಗೆ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ನಿಮ್ಮ ಅಂಗಿ, ಆಕಾರ, ಮೊನ್ನೆ ಕರಗಿಹೋಯಿತು ಅಂತ ಬರೆದದ್ದೆಲ್ಲ ಸುಳ್ಳು. ನನ್ನ ಎದೆಯ ಮೇಲೆ ಬಂದದ್ದು ಮಗಳು. ನಿದ್ದೆ ಹತ್ತಿದಾಗ ಎಷ್ಟು ಭಾರವಾಗುತ್ತಿದ್ದಳೋ ಅಷ್ಟೇ ಭಾರ. ನಾನು ಬೆರಳು ಅಲ್ಲಾಡಿಸಲೇ ಇಲ್ಲ. ಈಗೀಗ ದಿನಾ ಅಂಗಡಿಯಿಂದ ಬಂದವಳೇ, ಒಲೆಯನ್ನೂ ಹಚ್ಚದೆ, ಬೇಕೆಂದೇ ಅಂಗಾತ ಮಲಗಿ ಅವಳಿಗಾಗಿ ಕಾಯುತ್ತೇನೆ. ಏಳಲು ಮನಸ್ಸೇ ಆಗುವುದಿಲ್ಲ. ನೀವು ಬಂದು ನನ್ನನ್ನು ಎಬ್ಬಿಸಿ.