ಅವ್ವನ ಫೋನು ಕೆಡೋದ್ರಾಗ

ಬೆಟಗೇರಿ, ಗದಗ
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ತಂಗಿ ಸೀಮಾ,

‘ಇದು ಕೆಡೋದ್ರಾಗ...’ ಎಂದು ನೀನು ಹೇಳಿದ ಮಾತಿನ ಉಳಿದರ್ಧ ನನಗೆ ಅಂದು ಕೇಳಿಸಿರಲಿಲ್ಲ. ಏಳು ವರ್ಷದ ಹಿಂದೆ ಗದಗ ಬಸ್ ನಿಲ್ದಾಣದಲ್ಲಿ, ಪುಣೆ ಬಸ್ಸಿನ ಕಿಟಕಿಯಿಂದ ಅವ್ವನ ಕೈಗೆ ಹೊಸ ಫೋನಿನ ಡಬ್ಬಿ ಕೊಡುತ್ತಾ ನೀನದನ್ನು ಹೇಳುವಾಗ ನಾನು ಚಹಾದಂಗಡಿಯ ಕಡೆ ಮುಖ ಮಾಡಿ ನಿಂತಿದ್ದೆ. ಡ್ರೈವರ್ ಹಾರ್ನ್ ಹೊಡೆದ. ಅರ್ಧ ಮಾತು ಹಾಗೆಯೇ ನನ್ನಲ್ಲಿ ಉಳಿಯಿತು. ಇನ್ನರ್ಧ ಏನೆಂದು ಕೇಳುವ ಅಧಿಕಾರವನ್ನು ನಾನೇ ಕಳೆದುಕೊಂಡಿದ್ದೆ. ಕಳೆದ ವಾರ ಅವ್ವ ತಾನಾಗಿ ಅದನ್ನು ಪೂರ್ತಿ ಮಾಡಿದಳು. ಅದಕ್ಕಾಗಿ ಈ ಪತ್ರ.

ಮೊದಲು ಕ್ಷೇಮ ಕೇಳಬೇಕಿತ್ತು. ಹೇಗಿದ್ದೀ? ಹಿಮ್ಮಡಿ ನೋವು ಕಡಿಮೆಯಾಯಿತೇ? ನನಗೆ ಹೇಗೆ ಗೊತ್ತೆಂದು ಅಚ್ಚರಿ ಬೇಡ. ಭಾನುವಾರ ನೀನು ಅವ್ವನೊಡನೆ ಮಾತಾಡುವಾಗಲೆಲ್ಲ ನಾನು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿರುತ್ತೇನೆ, ಒಂದೇ ಪುಟ. ಅವ್ವನ ಮಾತು ಕೇಳುತ್ತದೆ, ನಿನ್ನದನ್ನು ನಾನು ಊಹಿಸಿಕೊಳ್ಳುತ್ತೇನೆ. ಅವಳು ‘ನಿಂತು ಉಣಬ್ಯಾಡ, ಕುಂತು ಉಣ್ಣ’ ಎಂದರೆ ನಿನ್ನ ಆಸ್ಪತ್ರೆಯಲ್ಲಿ ಆ ವಾರ ರೋಗಿಗಳು ಹೆಚ್ಚು. ‘ಬಿಸಿನೀರಾಗ ಉಪ್ಪು ಹಾಕಿ ಕಾಲಿಡ’ ಎಂದರೆ ನಿನ್ನ ಹಿಮ್ಮಡಿ. ಏಳು ವರ್ಷ ನಿನ್ನನ್ನು ನಾನು ಹೀಗೆ ಅರ್ಧರ್ಧ ಕೇಳಿಕೊಂಡು ಬಂದಿದ್ದೇನೆ. ನಾವಿಬ್ಬರೂ ಆರಾಮ. ಅವ್ವನ ಮೊಣಕಾಲು ನೀನು ಕಳಿಸಿದ ಪಟ್ಟಿಯಿಂದ ಹಗುರಾಗಿದೆ. ಆ ಪಟ್ಟಿ ಬಂದ ಪೆಟ್ಟಿಗೆಯ ಮೇಲೆ ನಿನ್ನ ವಿಳಾಸವಿತ್ತು. ಅದನ್ನು ನೋಡಿಯೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ನೀನು ಫೋನ್ ಮಾಡಿರಬೇಕು, ಬಂದ್ ಆಗಿದೆ ಎಂಬ ದನಿಯಷ್ಟೇ ಕೇಳಿಸಿರಬೇಕು. ಗಾಬರಿಯಾಗಬೇಡ. ಅವ್ವ ಚೆನ್ನಾಗಿದ್ದಾಳೆ. ಕೆಟ್ಟಿದ್ದು ಫೋನು, ರಿಪೇರಿಗೆ ಕೊಟ್ಟಿದ್ದೇನೆ. ನಿನ್ನ ನಂಬರು ಅದರೊಳಗೇ ಇತ್ತು. ಅವ್ವನಿಗೆ ಓದಲು ಬರುವುದಿಲ್ಲವೆಂದು ನೀನು ನಿನ್ನ ಹೆಸರಿನ ಜಾಗದಲ್ಲಿ ಮಲ್ಲಿಗೆ ಹೂವಿನ ಚಿತ್ರ ಹಾಕಿಕೊಟ್ಟಿದ್ದೆಯಲ್ಲ, ಅವಳು ಹೂವು ಮುಟ್ಟುತ್ತಿದ್ದಳು, ನೀನು ಮಾತಾಡುತ್ತಿದ್ದೆ. ನನ್ನ ಬಳಿ ಆ ನಂಬರಿಲ್ಲ. ಯಾಕಿಲ್ಲ ಎಂಬುದು ನಮಗಿಬ್ಬರಿಗೂ ಗೊತ್ತು. ನಾನು ಗೊತ್ತು ಮಾಡಿದ ಮುಂಡರಗಿಯ ಸಂಬಂಧವನ್ನು ಬಂದವರ ಎದುರಿಗೇ ನೀನು ಒಲ್ಲೆನೆಂದಾಗ, ‘ಹೋಗಾಕಿದ್ರ ಹೋಗು, ನನ್ನ ಫೋನಿಗೆ ಮಾತ್ರ ಫೋನ್ ಮಾಡಬ್ಯಾಡ’ ಎಂದವನು ನಾನು. ಮನೆಯಲ್ಲಿ ಆಗ ಇದ್ದದ್ದು ಅದೊಂದೇ ಫೋನು. ಹೊಲಗಳ ನಡುವೆ ಹದ್ದಿನ ಕಲ್ಲು ಹುಗಿಸುವುದು ನನ್ನ ನೌಕರಿ. ಶಿರಹಟ್ಟಿ ಸರ್ವೇ ಕಚೇರಿಯ ಚಟ ಮನೆಯವರೆಗೂ ಬಂದಿತ್ತು. ನೀನು ಜಗಳವಾಡಲಿಲ್ಲ. ಮಾರನೆಯ ದಿನ ಸ್ಟೇಶನ್ ರಸ್ತೆಯ ಅಂಗಡಿಗೆ ಹೋಗಿ ಅವ್ವನಿಗೆ ಬೇರೆಯೇ ಒಂದು ಫೋನು ತಂದೆ. ನನ್ನ ಕಲ್ಲನ್ನು ಕೀಳದೆ ಅದರ ಬದಿಯಿಂದ ದಾರಿ ಮಾಡಿಕೊಂಡೆ. ಆಗ ಅದು ಸೊಕ್ಕೆಂದು ಕಂಡಿತ್ತು.

ಆ ಫೋನನ್ನು ಅವ್ವ ಹೇಗೆ ಸಾಕಿದಳೆಂದು ಅವಳು ನಿನಗೆ ಹೇಳಿರಲಾರಳು. ಅವಳ ಪ್ರಕಾರ ಅದು ಹೇಳಿಕೊಳ್ಳುವ ವಿಷಯವೇ ಅಲ್ಲ. ಮೊದಲ ವಾರವೇ ಹಳೆ ಬಟ್ಟೆಯ ತುಂಡು ಜೋಡಿಸಿ ಅದಕ್ಕೊಂದು ಕೌದಿ ಹೊಲಿದಳು. ಅಂಗೈಯಗಲದ ಚೀಲ, ಆದರೆ ಒಳಗೆ ಮೂರು ಪದರ, ಮೇಲೆ ಸಾಲುಹೊಲಿಗೆ, ಹೊದೆಯುವ ದೊಡ್ಡ ಕೌದಿಗೆ ಏನೇನು ಬೇಕೋ ಎಲ್ಲವೂ. ಮೇಲಿನ ಮನೆಯ ಬಸವಣ್ಣೆವ್ವ ನೋಡಿ, ‘ಹುಚ್ಚವ್ವ ಫೋನಿಗೆ ಕುಪ್ಪಸ ಹೊಲದಾಳ, ಇನ್ನ ಸೀರಿ ಉಡಿಸೂದೊಂದ ಬಾಕಿ’ ಎಂದು ಓಣಿಯೆಲ್ಲ ಸಾರಿದಳು. ಕೌದಿಯ ಕಡೆಯ ಮೂಲೆಯೊಳಗೆ ಹೋಳಿಗೆಯ ಚೂರಿಟ್ಟು ಹೊಲಿಗೆ ಮುಗಿಸುವುದು ಅವ್ವನ ರೂಢಿ, ನಿನಗೆ ಗೊತ್ತಲ್ಲ. ಕೌದಿ ಹಸಿದಿರಬಾರದು, ಹಸಿದ ಕೌದಿ ಬೆಚ್ಚಗಿಡುವುದಿಲ್ಲ. ಅವಳು ಇದಕ್ಕೂ ಇಟ್ಟಳು. ಹದಿನೈದು ದಿನಕ್ಕೆ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತು. ಬಸ್ ನಿಲ್ದಾಣದ ಪಕ್ಕದ ರಿಪೇರಿ ಅಂಗಡಿಯ ಶಾನವಾಜ ಚಾರ್ಜಿನ ತೂತಿಗೆ ದೀಪ ಹಿಡಿದು ನೋಡಿ, ಮೇಜಿನ ಮೇಲೆ ಅದನ್ನು ಮೆಲ್ಲಗೆ ತಟ್ಟಿದ. ಇರುವೆಗಳು ಸಾಲಾಗಿ ಹೊರಬಂದವು. ‘ಏನ್ರಿ ಸಾಹೇಬ್ರ, ಫೋನಿಗೆ ಹೋಳಿಗಿ ಊಟ ಹಾಕಸೀರೇನು? ನಮ್ಮನ್ನೂ ಕರೀಬೇಕಿಲ್ರಿ’ ಎಂದ. ನಾನು ಮನೆಗೆ ಬಂದು ಸಿಟ್ಟಿನಿಂದ ಹೇಳಿದೆ. ಅವ್ವ ಮೂಲೆಯ ಹೊಲಿಗೆ ಬಿಚ್ಚಿ ಹೋಳಿಗೆ ತೆಗೆದು, ನಾಲ್ಕು ಕಾಳು ಜೋಳ ಹಾಕಿ ಮತ್ತೆ ಹೊಲಿದಳು. ಅವು ಇನ್ನೂ ಅಲ್ಲಿವೆ.

ಸೋಮವಾರ ಅವಳು ಫೋನು ಬಂದ್ ಮಾಡಿ ಇಡುತ್ತಿದ್ದಳು. ಒಮ್ಮೆ ನೀನು ಸೋಮವಾರ ಮಾಡಿ ಸಿಗದೆ ಹೆದರಿ, ಮರುದಿನ ಅವಳನ್ನು ಬೈದೆಯಂತೆ. ಕಾರಣ ಹೇಳಿದಳೋ ಇಲ್ಲವೋ. ಅಪ್ಪ ಹೊಂಬಳದ ಹೊಲದಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ‘ಬಾಯಿಲ್ಲದ್ದು, ದಣಿವಾತು ಅಂತ ಅದರ ಹೇಳತೈತೇನು? ನಾವs ತಿಳಕೋಬೇಕು’ ಎಂದು ನನಗೆ ಹೇಳಿದಳು. ನಾನು ನಕ್ಕೆ. ಆಮೇಲೆ ನಗು ನಿಂತು, ನಿನ್ನ ಬಗ್ಗೆ ಅದೇ ಮಾತನ್ನು ಯಾರಾದರೂ ನನಗೆ ಹೇಳಿದ್ದರೆ ಎಂದುಕೊಂಡೆ.

ಮೂರನೆಯ ವರ್ಷ ಗಾಜು ಒಡೆಯಿತು, ಹಾಕಿಸಿದೆ. ನಾಲ್ಕನೆಯ ವರ್ಷ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಬಿಟ್ಟುಕೊಂಡಿತು. ಅವ್ವ ಅಂಗೈಯಿಂದ ಸವರಿ ನೋಡಿ, ‘ಭೀಮೇಶ, ಇದಕ್ಕ ಹೊಟ್ಟಿ ಬಂದೈತಲ್ಲೋ’ ಎಂದಳು. ಮೂರು ಪದರದ ಕೌದಿಯೊಳಗೆ, ನಮ್ಮ ಏಪ್ರಿಲ್ ತಿಂಗಳಲ್ಲಿ, ಅದನ್ನು ಅವಳು ಬೆಚ್ಚಗಿಟ್ಟಿದ್ದಳು. ಅಂದು ಅವಳನ್ನೂ ಅಂಗಡಿಗೆ ಕರೆದೊಯ್ದಿದ್ದೆ, ಶಾನವಾಜ ತಲೆ ಚಚ್ಚಿಕೊಂಡ. ‘ಅವ್ವಾರ, ಇದಕ್ಕ ಥಂಡಿ ಆಗೂದಿಲ್ರಿ, ಇದಕ್ಕ ಸೆಕಿ ಆಗತೈತಿ.’ ಅಂದಿನಿಂದ ಬೇಸಿಗೆಯಲ್ಲಿ ಫೋನು ನೀರಿನ ಕೊಡದ ಪಕ್ಕದ ಗೂಡಿಗೆ ಹೋಯಿತು, ಮಳೆಗಾಲಕ್ಕೆ ಮತ್ತೆ ಕೌದಿಗೆ ಬಂತು. ಶಾನವಾಜನದೊಂದು ಲೆಕ್ಕವಿದೆ: ‘ಫೋನಂದ್ರ ಎರಡು ವರ್ಷ ಹರೇ, ಮೂರಕ್ಕ ಮುಪ್ಪು, ನಾಕಕ್ಕ ಮಣ್ಣು.’ ಅವ್ವನದು ಐದು ದಾಟಿದಾಗ ಅವನು ಅದನ್ನು ಅಕ್ಕಪಕ್ಕದ ಅಂಗಡಿಯವರಿಗೆ ಕರೆದು ತೋರಿಸಿದ. ಹೋದ ವರ್ಷ ನಿನ್ನ ಮುಖ ಕಾಣಿಸುವುದು ನಿಂತಿತಲ್ಲ, ಅದೂ ಫೋನಿನ ತಪ್ಪಲ್ಲ. ಆ ಆ್ಯಪು ಇಷ್ಟು ಹಳೆಯ ಫೋನಿನಲ್ಲಿ ಇನ್ನು ನಡೆಯುವುದಿಲ್ಲವಂತೆ. ‘ಬಂಡಿ ಗಟ್ಟಿ ಐತ್ರಿ, ಹಾದಿನs ಬಂದ್ ಮಾಡ್ಯಾರ’ ಎಂದ ಶಾನವಾಜ. ಹೊಸದು ತರೋಣವೆಂದು ನಾನು ಅವ್ವನಿಗೆ ಎಷ್ಟು ಸಲ ಹೇಳಿದೆನೋ. ಮಗಳ ಮುಖ ಕಾಣದಿದ್ದರೂ ಸರಿ, ಬೇಡವೆಂದಳು. ಮುದುಕರ ಹಟ ಎಂದುಕೊಂಡೆ. ವಸ್ತುಗಳ ಮೇಲಿನ ಈ ಮೋಹ ನನಗೆ ಅರ್ಥವಾಗುವುದಿಲ್ಲ. ನನ್ನಲ್ಲಿ ಅಂಥದ್ದೇನೂ ಇಲ್ಲವೆಂದು ನಂಬಿದ್ದೆ.

ಕಳೆದ ವಾರ ಗುರುವಾರ ಶಿರಹಟ್ಟಿಯ ಹತ್ತಿರ ಒಂದು ಹೊಲದ ಅಳತೆ ಮುಗಿಸಿ ಮಧ್ಯಾಹ್ನವೇ ಮನೆಗೆ ಬಂದೆ. ಅವ್ವ ಹೊಸ್ತಿಲ ಒಳಗೆ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಫೋನು, ಕಪ್ಪಗೆ. ನಾನು ಶಾನವಾಜನ ಹತ್ತಿರ ಒಯ್ದೆ. ಅವನು ಸಿಮ್ ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟು, ಫೋನು ಇಟ್ಟುಕೊಂಡ. ಸಂಜೆ ಮನೆಗೆ ಬಂದು ಅವ್ವನಿಗೆ, ಈ ಸಿಮ್ಮನ್ನು ನನ್ನ ಹಳೆಯ ಸೆಟ್ಟಿಗೆ ಹಾಕುತ್ತೇನೆ, ಭಾನುವಾರ ಸೀಮಾ ಫೋನ್ ಮಾಡಿದರೆ ಸಿಗುತ್ತೀ ಎಂದೆ. ನಿನ್ನ ಹೆಸರು ನನ್ನ ಬಾಯಲ್ಲಿ ಬಂದದ್ದನ್ನು ಅವಳು ಗಮನಿಸಿದಳು, ನಾನೂ ಗಮನಿಸಿದೆ. ಆದರೂ ಅವಳು ಕಾಗದದ ಪೊಟ್ಟಣವನ್ನು ನನ್ನ ಕೈಯಿಂದ ಕಸಿದುಕೊಂಡು ಸೆರಗಿಗೆ ಗಂಟು ಹಾಕಿದಳು. ‘ಬ್ಯಾರೇದಕ್ಕ ಹಾಕಿದ್ರ ಇದು ಕೆಟ್ಟಂಗ ಆತು. ಇನ್ನs ಕೆಟ್ಟಿಲ್ಲ, ರಿಪೇರಿಗೆ ಹೋಗೈತಿ. “ಇದು ಕೆಡೋದ್ರಾಗ ಬಂದಬಿಡ್ತೀನಿ ಬೇ” ಅಂದಾಳ ಆಕಿ. ನನ್ನ ಮಗಳ ಮಾತು ನನ್ನ ಕೈಯಾಗ ಸುಳ್ಳ ಆಗಬಾರದು.’

ಇಷ್ಟೇ. ಏಳು ವರ್ಷದ ಅರ್ಧ ಮಾತು ಅಡುಗೆಮನೆಯ ಬಾಗಿಲಲ್ಲಿ ಪೂರ್ತಿಯಾಯಿತು. ಅವಳು ಒಳಗೆ ಹೋಗಿ ಎಂದಿನಂತೆ ರೊಟ್ಟಿ ಬಡಿಯತೊಡಗಿದಳು. ನಾನು ಖಾಲಿ ಕೌದಿ ಚೀಲ ಹಿಡಿದು ನಿಂತಿದ್ದೆ. ಅದರ ತುಂಡುಗಳನ್ನು ನಾನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ. ನೀಲಿಯದು ನಿನ್ನ ಶಾಲೆಯ ಸ್ಕರ್ಟು. ಬಿಳಿಯದು ನರ್ಸಿಂಗ್ ಕಲಿಯುವಾಗಿನದು. ನಡುವಿನ ಹಸಿರು ತುಂಡು, ಮುಂಡರಗಿಯವರು ಬರುವ ದಿನ ಉಡಬೇಕೆಂದು ನಾನು ತಂದಿದ್ದ ಇಲಕಲ್ ಸೀರೆಯದು. ನೀನು ಅದನ್ನು ಮಡಿಸಿ ಮಂಚದ ಮೇಲಿಟ್ಟು ಹೋಗಿದ್ದೆ. ಪೆಟ್ಟಿಗೆಯಲ್ಲಿ ಇದೆಯೆಂದೇ ನಾನು ತಿಳಿದಿದ್ದೆ. ಅವಳು ಕತ್ತರಿ ಹಾಕಿ, ನನ್ನ ಹಟವನ್ನೂ ನಿನ್ನ ಸಿಟ್ಟನ್ನೂ ಒಂದೇ ದಾರದಲ್ಲಿ ಹೊಲಿದು, ನಿನ್ನ ದನಿಗೆ ಹೊದಿಸಿದ್ದಳು.

ನನ್ನದು ಅಳತೆಯ ಬುದ್ಧಿ, ಅಲ್ಲಿಗೇ ಬಿಡಲಿಲ್ಲ. ಇದೇ ಸೋಮವಾರ ಸ್ಟೇಶನ್ ರಸ್ತೆಯ ಆ ಅಂಗಡಿಗೆ ಹೋದೆ. ಮಾಲೀಕ ಹೊಳೆಯಪ್ಪನಿಗೆ ನಿನ್ನ ನೆನಪಿದೆ. ಬಣ್ಣ ಕೇಳಲಿಲ್ಲ, ಕ್ಯಾಮೆರಾ ಕೇಳಲಿಲ್ಲ, ‘ಎಷ್ಟು ವರ್ಷ ಬಾಳತೈತ್ರಿ?’ ಎಂದು ಮಾತ್ರ ಕೇಳಿದೆಯಂತೆ. ಅವನು ‘ಎರಡು ವರ್ಷಕ್ಕ ಮೋಸಿಲ್ಲ’ ಎಂದನಂತೆ. ‘ಅಷ್ಟು ಸಾಕ್ರಿ’ ಎಂದೆಯಂತೆ. ಅಂದರೆ ನೀನು ನಿನ್ನ ಸಿಟ್ಟಿಗೆ ಎರಡು ವರ್ಷದ ಆಯಸ್ಸು ಕೊಟ್ಟಿದ್ದೆ. ಫೋನು ಕೆಟ್ಟಿತೆಂದು ಅವ್ವ ಹೇಳುತ್ತಾಳೆ, ಆ ನೆಪದಲ್ಲಿ ಬರುತ್ತೇನೆ ಎಂದುಕೊಂಡಿದ್ದೆಯೋ ಏನೋ. ಪುಣೆಯೇನು ದೂರ, ಒಂದು ರಾತ್ರಿಯ ಬಸ್ಸು. ಇಲ್ಲಿ ಅವ್ವ ನಿನ್ನ ಮಾತು ಉಳಿಸಲೆಂದು ಅದನ್ನು ಸಾಯಗೊಡಲಿಲ್ಲ. ಅದು ಸಾಯಲಿಲ್ಲವೆಂದು ನೀನು ಬರಲಿಲ್ಲ. ಗಾಜು, ಬ್ಯಾಟರಿ ಎಂದು ಪ್ರತಿ ಸಲ ಅಂಗಡಿಗೆ ಒಯ್ದವನು ನಾನು. ಅವ್ವನಿಗೆ ಉಪಕಾರ ಮಾಡುತ್ತಿದ್ದೇನೆಂದು ತಿಳಿದಿದ್ದೆ. ಅವ್ವನಿಗೆ ಇದನ್ನು ಹೇಳಿಲ್ಲ. ಹೇಳುವುದೂ ಇಲ್ಲ. ನೀನೂ ಹೇಳಬೇಡ.

ಉಳಿದಂತೆ ಎಲ್ಲ ಸರಿ. ಕಡಲೆ ಮೊಳಕೆಯೊಡೆದಿದೆ. ಬಸವಣ್ಣೆವ್ವ ನಿನ್ನನ್ನು ದಿನಾ ಕೇಳುತ್ತಾಳೆ. ಅವಳ ಭಾಷೆಯಲ್ಲಿ ನೀನಿನ್ನೂ ‘ಆ ಗಿಡ್ಡಿ’. ನನ್ನ ಕೂದಲು ಪೂರ್ತಿ ಬೆಳ್ಳಗಾಗಿದೆ, ನೋಡಿ ನಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಕೂತೇ ಉಣ್ಣು. ಆಶೀರ್ವಾದ ಮಾಡುವಷ್ಟು ದೊಡ್ಡವನಾಗಿ ನಾನು ನಡೆದುಕೊಂಡಿಲ್ಲ. ಆದ್ದರಿಂದ ಅದು ಅವ್ವನದು, ಈ ಕಾಗದ ತರುತ್ತಿದೆ, ಅಷ್ಟೇ.

ನಿನ್ನ ಅಣ್ಣ,
ಭೀಮೇಶ

ತಾ.ಕ.: ಅಂಚೆ ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ರಿಪೇರಿಗೆ ಕೊಟ್ಟಿದ್ದೇನೆ ಎಂದೆನಲ್ಲ, ಅದು ಅವ್ವನಿಗೆ ಹೇಳಿಟ್ಟ ಸುಳ್ಳು. ಒಳಗಿನ ಬೋರ್ಡು ಸುಟ್ಟಿದೆ, ಇನ್ನು ಏಳುವುದಿಲ್ಲವೆಂದು ಶಾನವಾಜ ಶನಿವಾರವೇ ಹೇಳಿದ. ಅವನೇ ವಿಚಾರಿಸಿ ನನ್ನನ್ನು ಮುಂಡರಗಿಯ ನಬಿಸಾಬನ ಅಂಗಡಿಗೆ ಕಳಿಸಿದ. ಅಲ್ಲಿ ಕಪಾಟಿನ ಮೂಲೆಯಲ್ಲಿ ಅದೇ ಕಂಪನಿಯ, ಅದೇ ಬಣ್ಣದ ಒಂದು ಸಿಕ್ಕಿತು, ಹೆಚ್ಚು ಬಳಸದೆ ಇಟ್ಟದ್ದು. ಅವ್ವನ ಫೋನಿನ ಮೂಲೆಯ ಗೀರನ್ನೂ ಹಾಗೆಯೇ ಮಾಡಿ, ನಿನ್ನ ನಂಬರು ಸಿಕ್ಕರೆ ಮಲ್ಲಿಗೆ ಹೂವನ್ನೂ ಹಾಕಿಕೊಡುತ್ತೇನೆ ಎನ್ನುತ್ತಾನೆ ಶಾನವಾಜ. ಅವ್ವನಿಗೆ ತಿಳಿಯುವುದಿಲ್ಲ. ಅವಳ ಕೈಯಲ್ಲಿ ಅದು ಇನ್ನೂ ಐದಾರು ವರ್ಷ ಬಾಳುತ್ತದೆ, ನಿನ್ನ ಮಾತೂ ಸುಳ್ಳಾಗುವುದಿಲ್ಲ. ಸತ್ತದ್ದನ್ನೇ ಕೊಡುವುದಾದರೆ ಅದಕ್ಕೆ ಮೊದಲು ನೀನು ಮನೆಯಲ್ಲಿರಬೇಕು. ಸತ್ತದ್ದು, ಬದುಕಿದ್ದು, ಎರಡೂ ನನ್ನ ಕಚೇರಿಯ ಚೀಲದಲ್ಲಿವೆ. ಅವ್ವ ದಿನಾ ಸಂಜೆ ‘ಆತೇನೋ?’ ಎಂದು ಕೇಳುತ್ತಾಳೆ, ‘ನಾಳಿ ಆಗತೈತಿ ಬೇ’ ಎನ್ನುತ್ತೇನೆ. ಮುಂದಿನ ವಾರದ ಭಾನುವಾರದವರೆಗೆ ಹೀಗೇ ಹೇಳಬಲ್ಲೆ. ನನ್ನ ನಂಬರು ಹಳೆಯದೇ, ಬದಲಿಸಿಲ್ಲ. ಯಾಕೆ ಬದಲಿಸಲಿಲ್ಲವೆಂದು ಈಗ ನನಗೇ ತಿಳಿಯುತ್ತಿದೆ. ನನ್ನ ಫೋನಿಗೆ ಫೋನ್ ಮಾಡು, ಸೀಮಾ. ಮಾಡಿ ಒಂದು ಮಾತು ಹೇಳು: ಎರಡರಲ್ಲಿ ಯಾವುದನ್ನು ಕೌದಿಯೊಳಗಿಟ್ಟು ಅವ್ವನ ಕೈಗೆ ಕೊಡಲಿ?